ಹೊಸ ಕಾರ್ಟ್ರಿಜ್ ಪಳಗುವುದು ಎಂದರೆ ಏನು ಬದಲಾಗುತ್ತದೆ? ಟೋನ್‌ಆರ್ಮ್ ಕೂಡ ಪಳಗುತ್ತದಾ?

ಸೂಜಿಮೊನೆ

ಎಲ್ಲರಿಗೂ ನಮಸ್ಕಾರ. ಕಾರ್ಟ್ರಿಜ್ ಎಂದರೆ ಸೂಜಿಯ ಅಲುಗಾಟವನ್ನು ವಿದ್ಯುತ್ ಮಾಡುವ ಭಾಗ. ಇಷ್ಟು ವರ್ಷ ಮೂವಿಂಗ್ ಮ್ಯಾಗ್ನೆಟ್ (ಒಳಗೆ ಮ್ಯಾಗ್ನೆಟ್ ಅಲುಗುವ) ಕಾರ್ಟ್ರಿಜ್‌ನಲ್ಲೇ ರೆಕಾರ್ಡ್ ಕೇಳುತ್ತಿದ್ದೆ. ಈಗ ಮೊದಲ ಸಲ ಮೂವಿಂಗ್ ಕಾಯಿಲ್ (ಸುರುಳಿ ಅಲುಗುವ ಬಗೆ) ಹಾಕಿದ್ದೇನೆ. ಕಾರ್ಟ್ರಿಜ್ ಹಿಡಿಯುವ ಆರ್ಮ್ (ಟೋನ್‌ಆರ್ಮ್) ಮೊದಲಿನದೇ: 9 ಇಂಚು, ಎಸ್ ಆಕಾರ, ಬಿಚ್ಚಿ ಹಾಕುವ ಹೆಡ್‌ಶೆಲ್ (ಕಾರ್ಟ್ರಿಜ್ ಕೂರುವ ತುದಿ), ಎಫೆಕ್ಟಿವ್ ಮಾಸ್ (ಸೂಜಿ ಹೊರಬೇಕಾದ ಆರ್ಮ್‌ನ ಜಡತೆ) 12 ಗ್ರಾಂ. ಕಾರ್ಟ್ರಿಜ್ ತೂಕ 8 ಗ್ರಾಂ. ಕಾಂಪ್ಲಯನ್ಸ್ (ಸೂಜಿ ಎಷ್ಟು ಸುಲಭವಾಗಿ ಅಲುಗುತ್ತದೆ ಎನ್ನುವ ಅಳತೆ) 10 ಹರ್ಟ್ಜ್‌ನಲ್ಲಿ 12 ಎಂದು ಬರೆದಿದ್ದಾರೆ. ಸೂಜಿ ಎಲಿಪ್ಟಿಕಲ್ (ಅಂಡಾಕಾರದ ಮೊನೆ).

ಪಿಯಾನೋ ತುಂಬಾ ಚೆನ್ನಾಗಿ ಕೇಳುತ್ತದೆ. ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಗೊತ್ತಾಗುತ್ತದೆ. ಆದರೆ ಪಿಟೀಲಿನ ಮೇಲಿನ ಸ್ವರಗಳು ಗಡುಸು. ಬಾಸ್ ತೆಳು. ಹಾಡಿನಲ್ಲಿ "ಸ", "ಶ" ಬಂದಾಗ ಧ್ವನಿ ಸೀಳುತ್ತದೆ. ಅದೂ ರೆಕಾರ್ಡಿನ ಕೊನೆಯ ಹಾಡಿನಲ್ಲಿ ಜಾಸ್ತಿ.

ಯಾರನ್ನು ಕೇಳಿದರೂ "50 ಗಂಟೆ ಓಡಲಿ, ಪಳಗುತ್ತದೆ" ಎನ್ನುತ್ತಾರೆ. ಆರ್ಮ್ ಒಳಗಿನ ತಂತಿಯೂ ಪಳಗಬೇಕು ಎಂದವರಿದ್ದಾರೆ. ಸುಮ್ನೆ ಕಾಯಬೇಕಾ, ಅಥವಾ ಈಗಲೇ ನೋಡಬೇಕಾದದ್ದು ಏನಾದರೂ ಇದೆಯಾ? ಪಳಗುವಾಗ ಒಳಗೆ ಯಾವ ಭಾಗ ಬದಲಾಗುತ್ತದೆ?

ಹಳೇಆರ್ಮ್

ಪಳಗುವುದು ನಿಜ. ಆದರೆ ಅದು ನಡೆಯುವ ಜಾಗ ಬಹಳ ಚಿಕ್ಕದು. ಸೂಜಿ ಕೂರುವ ಸಣ್ಣ ಕಡ್ಡಿಗೆ ಕ್ಯಾಂಟಿಲಿವರ್ ಎನ್ನುತ್ತಾರೆ. ಅದರ ಹಿಂದಿನ ತುದಿಯಲ್ಲಿ ಪುಟ್ಟ ರಬ್ಬರ್ ಉಂಗುರ ಇರುತ್ತದೆ. ಅದೇ ಡ್ಯಾಂಪರ್. ಗ್ರೂವ್‌ನಲ್ಲಿ (ರೆಕಾರ್ಡಿನ ಗೀರಿನಲ್ಲಿ) ಸೂಜಿ ಅಲುಗಿದಾಗ ಕ್ಯಾಂಟಿಲಿವರನ್ನು ತಡೆದು, ಮತ್ತೆ ನಡುವಿಗೆ ತರುವ ಕೆಲಸ ಅದರದ್ದು. ಹೊಸದರಲ್ಲಿ ಈ ರಬ್ಬರ್ ಬಿಗಿಯಾಗಿರುತ್ತದೆ. ಸಾವಿರಾರು ಸಲ ಬಾಗಿ ಬಾಗಿ ಸಡಿಲವಾಗುತ್ತದೆ. ತಯಾರಕರು ಸಾಮಾನ್ಯವಾಗಿ 20ರಿಂದ 50 ಗಂಟೆ ಎನ್ನುವುದು ಇದಕ್ಕೇ. ಬದಲಾವಣೆಯ ದೊಡ್ಡ ಪಾಲು ಮೊದಲ ಕೆಲವು ಗಂಟೆಗಳಲ್ಲೇ ಆಗಿಬಿಡುತ್ತದೆ ಎನ್ನುವುದು ನನ್ನ ಅನುಭವ.

ಉಳಿದ ಭಾಗಗಳನ್ನು ನೋಡಿ. ವಜ್ರದ ಮೊನೆ ಪಳಗುವುದಿಲ್ಲ, ಸವೆಯುತ್ತದೆ ಅಷ್ಟೆ. ಅದಕ್ಕೆ ನೂರಾರು ಗಂಟೆ ಬೇಕು. ತಾಮ್ರದ ಸುರುಳಿ ಪಳಗುವುದಿಲ್ಲ. ಮ್ಯಾಗ್ನೆಟ್ ಕೂಡ ಪಳಗುವುದಿಲ್ಲ. ಆರ್ಮ್ ಬೇರಿಂಗ್ ಚೆನ್ನಾಗಿ ಕೂಡಿಸಿದ್ದರೆ ಮೊದಲ ದಿನ ಹೇಗಿತ್ತೋ ಹಾಗೇ ಇರುತ್ತದೆ. ಹೊಸ ಆರ್ಮ್ ಬೇರಿಂಗ್ ಬಿಗಿಯಾಗಿದೆ ಅನ್ನಿಸಿದರೆ ಅದು ಪಳಗಲಿ ಎಂದು ಕಾಯಬೇಡಿ. ಅದು ಜೋಡಣೆಯ ದೋಷ.

ರಬ್ಬರ್ ಸಡಿಲವಾದಾಗ ಎರಡು ವಿಷಯ ಕಿವಿಗೆ ಗೊತ್ತಾಗಬಹುದು. ಒಂದು, ಜೋರಾದ ಭಾಗಗಳಲ್ಲಿ ಸೂಜಿ ಗ್ರೂವ್ ಗೋಡೆಯನ್ನು ಬಿಡದೆ ಹಿಡಿಯುತ್ತದೆ. ಹಾಗಾಗಿ ಗಡುಸು ಕಡಿಮೆಯಾಗುತ್ತದೆ. ಎರಡು, ಕ್ಯಾಂಟಿಲಿವರ್ ಕೂದಲೆಳೆಯಷ್ಟು ಕೆಳಗೆ ಕೂರುತ್ತದೆ. ಅದಕ್ಕೇ 30 ಗಂಟೆ ಆಸುಪಾಸು ಟ್ರ್ಯಾಕಿಂಗ್ ಫೋರ್ಸ್ (ಸೂಜಿ ರೆಕಾರ್ಡನ್ನು ಒತ್ತುವ ತೂಕ) ಮತ್ತು ಆರ್ಮ್ ಎತ್ತರ ಎರಡನ್ನೂ ಮತ್ತೊಮ್ಮೆ ನೋಡಬೇಕು.

ಇನ್ನೊಂದು ಮಾತು. ರಬ್ಬರ್ ಚಳಿಗೆ ಗಟ್ಟಿಯಾಗುತ್ತದೆ. ತಣ್ಣಗಿರುವ ಕೋಣೆಯಲ್ಲಿ ಪಳಗಿದ ಕಾರ್ಟ್ರಿಜ್ ಕೂಡ ಹೊಸದರ ಹಾಗೆ ಬಿಗಿಯಾಗಿ ಕೇಳಬಹುದು. 20 ಡಿಗ್ರಿಗಿಂತ ಸ್ವಲ್ಪ ಮೇಲಿದ್ದರೆ ಒಳ್ಳೆಯದು. ಮೊದಲ ಬದಿ ಮುಗಿದ ಮೇಲೆ ಧ್ವನಿ ತೆರೆದುಕೊಂಡಿತು ಎಂದು ಬಹಳ ಜನ ಹೇಳುವುದರಲ್ಲಿ ಇದರ ಪಾಲೂ ಇದೆ.

ಕಪ್ಪುತಟ್ಟೆ

ಹಳೇಆರ್ಮ್ ಅವರೇ, ರಬ್ಬರ್ ಬಗ್ಗೆ ಒಪ್ಪುತ್ತೇನೆ. ಆದರೆ ಆರ್ಮ್ ವಿಷಯವನ್ನು ಇಷ್ಟು ಬೇಗ ಮುಗಿಸಬೇಡಿ. ಆರ್ಮ್‌ಗೆ ತನ್ನದೇ ಧ್ವನಿ ಇದೆ. ಒಂದೇ ಕಾರ್ಟ್ರಿಜ್ ಅನ್ನು ಎರಡು ಆರ್ಮ್‌ನಲ್ಲಿ ಕೇಳಿದವರಿಗೆ ಇದನ್ನು ವಾದಿಸಿ ತೋರಿಸಬೇಕಾಗಿಲ್ಲ.

ಸೂಜಿಯಿಂದ ಹುಟ್ಟಿದ ಶಕ್ತಿ ಎಲ್ಲವೂ ವಿದ್ಯುತ್ ಆಗುವುದಿಲ್ಲ. ಒಂದಷ್ಟು ಕಾರ್ಟ್ರಿಜ್ ಮೈಗೆ, ಅಲ್ಲಿಂದ ಹೆಡ್‌ಶೆಲ್‌ಗೆ, ಅಲ್ಲಿಂದ ಕೊಳವೆಗೆ ಹೋಗುತ್ತದೆ. ಕೊಳವೆ ನೂರಾರು ಹರ್ಟ್ಜ್‌ನಲ್ಲಿ ತಾನೇ ಕಂಪಿಸಿದರೆ ಅದು ಸೂಜಿಗೆ ವಾಪಸ್ ಬರುತ್ತದೆ. ಪಿಟೀಲು, ಹಾಡುವ ದನಿ ಎಲ್ಲ ಇರುವುದು ಆ ಜಾಗದಲ್ಲೇ. ರೇಗಾ ಕಂಪನಿ 1983ರಲ್ಲಿ ಆರ್‌ಬಿ300 ಆರ್ಮ್ ತಂದಾಗ ಹೆಡ್‌ಶೆಲ್ ಮತ್ತು ಕೊಳವೆಯನ್ನು ಒಂದೇ ಎರಕದಲ್ಲಿ ಮಾಡಿದ್ದು ಯಾಕೆ? ನಡುವೆ ಸಂದು ಇದ್ದರೆ ಅಲ್ಲಿ ಬಿಗಿತ ಕಡಿಮೆಯಾಗುತ್ತದೆ. ಅದೇ ಎಸ್‌ಎಂಇ ಕಂಪನಿ ಮಾದರಿಯ ಬಿಚ್ಚುವ ಹೆಡ್‌ಶೆಲ್‌ನಲ್ಲಿ ಕಾಲರ್ (ಬಿಗಿ ಮಾಡುವ ಉಂಗುರ) ಸ್ವಲ್ಪ ಸಡಿಲವಿದ್ದರೂ ಧ್ವನಿ ಮಸುಕಾಗುತ್ತದೆ. ಕಾರ್ಟ್ರಿಜ್ ಸ್ಕ್ರೂಗಳದ್ದೂ ಇದೇ ಕಥೆ. ಎರಡೂ ಒಂದೇ ಬಿಗಿ ಇರಬೇಕು. ಹಾಗೆಂದು ಮೈ ಬಿರುಕು ಬಿಡುವಷ್ಟು ತಿರುಗಿಸಬಾರದು.

ತಂತಿ ಬಗ್ಗೆಯೂ ಹೇಳುತ್ತೇನೆ. ನನ್ನ ಆರ್ಮ್‌ಗೆ ಹೊಸ ತಂತಿ ಹಾಕಿಸಿದ ಮೇಲೆ ಕೆಲವು ವಾರ ಧ್ವನಿ ಬದಲಾಗುತ್ತಾ ಹೋಯಿತು. ನನ್ನ ಕಿವಿ ಕೇಳಿದ್ದನ್ನು ನಾನು ನಂಬುತ್ತೇನೆ.

ತಂತಿಜಾಲ

ಕೊಳವೆಯ ಕಂಪನದ ಮಾತು ಸರಿ. ತಂತಿಯದ್ದನ್ನು ಒಪ್ಪಲಾರೆ. ಮಿಲಿವೋಲ್ಟ್‌ಗಿಂತ ಕಡಿಮೆ ಸಿಗ್ನಲ್ ಹೋಗುವ ತಾಮ್ರ ಕೆಲವು ವಾರದಲ್ಲಿ ಬದಲಾಗಲು ಕಾರಣವೇ ಇಲ್ಲ. ಆದರೆ ತಂತಿ ಬದಲಿಸುವಾಗ ಬೇರೆ ಎಷ್ಟೋ ಬದಲಾಗಿರುತ್ತದೆ. ಪಿನ್‌ಗಳ ಮೇಲಿನ ಕಿಲುಬು ಹೋಗಿರುತ್ತದೆ. ಆರ್ಮ್ ಹಿಂಬದಿ ತಂತಿ ಬಿಗಿಯಾಗಿದ್ದರೆ ಆಂಟಿಸ್ಕೇಟ್ (ಆರ್ಮ್ ಒಳಕ್ಕೆ ಜಾರದಂತೆ ತಡೆಯುವ ಬಲ) ಬದಲಾಗಿರುತ್ತದೆ. ಅದು ಬರುಬರುತ್ತಾ ಸಡಿಲಗೊಂಡಿದ್ದರೆ ನೀವು ಕೇಳಿದ್ದು ನಿಜವಾದ ಬದಲಾವಣೆಯೇ. ಕಾರಣ ಮಾತ್ರ ಬೇರೆ.

ಸೂಜಿಮೊನೆ ಅವರ ಲೆಕ್ಕಕ್ಕೆ ಬರೋಣ. ಆರ್ಮ್ ಮತ್ತು ಕಾರ್ಟ್ರಿಜ್ ಹೊಂದುತ್ತವಾ ಎಂದು ನೋಡಲು ಒಂದು ಸೂತ್ರ ಇದೆ. ಆರ್ಮ್‌ನ ಎಫೆಕ್ಟಿವ್ ಮಾಸ್, ಕಾರ್ಟ್ರಿಜ್ ತೂಕ, ಸ್ಕ್ರೂ ತೂಕ ಮೂರನ್ನೂ ಕೂಡಿಸಿ. ಅದನ್ನು ಕಾಂಪ್ಲಯನ್ಸ್‌ನಿಂದ ಗುಣಿಸಿ. ವರ್ಗಮೂಲ ತೆಗೆಯಿರಿ. 159ನ್ನು ಅದರಿಂದ ಭಾಗಿಸಿ. ಬರುವ ಸಂಖ್ಯೆ ಎಂದರೆ ಆರ್ಮ್ ಮತ್ತು ಕಾರ್ಟ್ರಿಜ್ ಸೇರಿ ತಾವೇ ಕಂಪಿಸುವ ಜಾಗ. ಅದು 8ರಿಂದ 12 ಹರ್ಟ್ಜ್ ಒಳಗಿದ್ದರೆ ಜೋಡಿ ಚೆನ್ನಾಗಿದೆ.

ನಿಮ್ಮದು 12, 8 ಮತ್ತು 1, ಒಟ್ಟು 21 ಗ್ರಾಂ. ಗುಣಿಸು 12 ಎಂದರೆ 252. ವರ್ಗಮೂಲ 15.9. ಉತ್ತರ ಸರಿಯಾಗಿ 10 ಹರ್ಟ್ಜ್. ಇದಕ್ಕಿಂತ ಒಳ್ಳೆಯ ಜೋಡಿ ಕೇಳಬೇಡಿ.

ಈಗ ಪಳಗುವ ಮೊದಲು ರಬ್ಬರ್ ಬಿಗಿಯಾಗಿ ಕಾಂಪ್ಲಯನ್ಸ್ 9 ಇದೆ ಎಂದುಕೊಳ್ಳಿ. ಅದೇ ಲೆಕ್ಕದಲ್ಲಿ 11.6 ಬರುತ್ತದೆ. ಅಂದರೆ ಇಷ್ಟು ದೊಡ್ಡ ಬದಲಾವಣೆ ಆದರೂ ಜೋಡಿ ಕೆಡುವುದಿಲ್ಲ. ಒಪ್ಪಿದ ಆರ್ಮ್ ಪಳಗುವ ದಿನಗಳನ್ನೂ ತಡೆದುಕೊಳ್ಳುತ್ತದೆ. ಇದೇ ಕಾಂಪ್ಲಯನ್ಸ್ 35 ಇರುವ ಮೆತ್ತನೆ ಕಾರ್ಟ್ರಿಜ್ ಅನ್ನು ಒಟ್ಟು 20 ಗ್ರಾಂ ಜಾಗಕ್ಕೆ ಹಾಕಿದರೆ 6 ಹರ್ಟ್ಜ್ ಬರುತ್ತದೆ. ಸೊಟ್ಟ ರೆಕಾರ್ಡಿನ ಏರಿಳಿತಕ್ಕೆ ಅದು ತೀರಾ ಹತ್ತಿರ. ವೂಫರ್ ಕೋನ್ ಒಳಗೆ ಹೊರಗೆ ಹೋಗುವುದು ಕಣ್ಣಿಗೇ ಕಾಣುತ್ತದೆ. ಅಲ್ಲಿ ಪಳಗಿದಷ್ಟೂ ಕೆಡುತ್ತದೆ.

ಒಂದು ಎಚ್ಚರಿಕೆ. ಜಪಾನಿನ ಎಷ್ಟೋ ಕಾರ್ಟ್ರಿಜ್‌ಗಳ ಕಾಂಪ್ಲಯನ್ಸ್ 100 ಹರ್ಟ್ಜ್‌ನಲ್ಲಿ ಅಳೆದದ್ದು. ಅದನ್ನು ಹಾಗೇ ಸೂತ್ರಕ್ಕೆ ಹಾಕಬಾರದು. ಡೆನಾನ್ ಡಿಎಲ್-103 ನೋಡಿ. 1960ರ ದಶಕದಲ್ಲಿ ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗೆಂದು ಮಾಡಿದ್ದು. ಕಾಗದದಲ್ಲಿ 5 ಎಂದಿದೆ. 10 ಹರ್ಟ್ಜ್‌ಗೆ ತಂದರೆ ಸುಮಾರು ಒಂದೂವರೆಯಿಂದ ಎರಡು ಪಟ್ಟು ಆಗುತ್ತದೆ. ಆಗಲೂ ಅದಕ್ಕೆ ಭಾರದ ಆರ್ಮ್ ಇಷ್ಟ. ಹಗುರ ಆರ್ಮ್‌ನಲ್ಲಿ ತೆಳುವಾಗಿ ಕೇಳಿದರೆ ಎಷ್ಟು ಗಂಟೆ ಪಳಗಿಸಿದರೂ ಅದು ತುಂಬಿಕೊಳ್ಳುವುದಿಲ್ಲ.

ನಡುಗೀರು

ಇಲ್ಲೇ ನನ್ನದೂ ಒಂದು ಪ್ರಶ್ನೆ. ನನ್ನದು ಮೂವಿಂಗ್ ಮ್ಯಾಗ್ನೆಟ್. ಮೊದಲು ತುಂಬಾ ಚುರುಕಾಗಿ, ಚುಚ್ಚುವ ಹಾಗೆ ಕೇಳುತ್ತಿತ್ತು. ಆಮೇಲೆ ಪ್ರೀಆಂಪ್‌ಗೆ (ಸಣ್ಣ ಸಿಗ್ನಲ್ ಹೆಚ್ಚಿಸುವ ಪೆಟ್ಟಿಗೆ) ಹೋಗುವ ಕೇಬಲ್ ಚಿಕ್ಕದು ಹಾಕಿದೆ. ಸರಿಹೋಯಿತು. ಇದು ಪಳಗಿದ್ದೋ, ಕೇಬಲ್ ಕೆಲಸವೋ?

ತಂತಿಜಾಲ

ಬಹುತೇಕ ಕೇಬಲ್. ಮೂವಿಂಗ್ ಮ್ಯಾಗ್ನೆಟ್‌ನ ಸುರುಳಿಗೆ ಇಂಡಕ್ಟನ್ಸ್ ಜಾಸ್ತಿ. 500 ಮಿಲಿಹೆನ್ರಿ ಎಂದುಕೊಳ್ಳಿ. ಕೇಬಲ್ ಮತ್ತು ಪ್ರೀಆಂಪ್ ಕೆಪಾಸಿಟನ್ಸ್ ಸೇರಿ 400 ಪಿಕೋಫ್ಯಾರಡ್ ಆದರೆ ಎರಡೂ ಕೂಡಿ 11 ಕಿಲೋಹರ್ಟ್ಜ್ ಹತ್ತಿರ ಉಬ್ಬು ಎಬ್ಬಿಸುತ್ತವೆ. ನಿಮಗೆ ಚುಚ್ಚಿದ್ದು ಅದೇ. 150ಕ್ಕೆ ಇಳಿಸಿದರೆ ಆ ಉಬ್ಬು 18 ಕಿಲೋಹರ್ಟ್ಜ್ ದಾಟುತ್ತದೆ. ಕಾರ್ಟ್ರಿಜ್ ತಯಾರಕರು 47 ಕಿಲೋಓಮ್ ಜೊತೆ ಕೆಪಾಸಿಟನ್ಸ್ ಸಂಖ್ಯೆಯನ್ನೂ ಕೊಟ್ಟಿರುತ್ತಾರೆ. ಅದನ್ನು ಯಾರೂ ಓದುವುದಿಲ್ಲ, ನೀವು ಓದಿ.

ಮೂವಿಂಗ್ ಕಾಯಿಲ್‌ನಲ್ಲಿ ಸುರುಳಿ ತುಂಬಾ ಚಿಕ್ಕದು. ಅಲ್ಲಿ ಕೆಪಾಸಿಟನ್ಸ್ ಕಾಟ ಇಲ್ಲ. ಹಾಗಾಗಿ ಸೂಜಿಮೊನೆ ಅವರ ಗಡುಸಿಗೆ ಇದು ಕಾರಣವಲ್ಲ.

ಸೂಜಿಮೊನೆ

ಲೆಕ್ಕಕ್ಕೆ ಧನ್ಯವಾದ. ಜೋಡಿ ಸರಿ ಇದೆ ಎಂದ ಮೇಲೆ ದೊಡ್ಡ ಚಿಂತೆ ಹೋಯಿತು. ಆದರೆ ಕೊನೆಯ ಹಾಡಿನ "ಸ" ಕಾಟ? ಮೊದಲ ಹಾಡಿನಲ್ಲಿ ಅಷ್ಟಿಲ್ಲ. ಅದೇ ಗಾಯಕಿ, ಅದೇ ತಟ್ಟೆ.

ಹಳೇಆರ್ಮ್

ನೀವು ಈಗ ಹೇಳಿದ್ದರಲ್ಲೇ ಸುಳಿವು ಇದೆ. ರಬ್ಬರ್ ಬಿಗಿ ಇದ್ದರೆ ತೊಂದರೆ ರೆಕಾರ್ಡಿನ ಎಲ್ಲ ಕಡೆ ಕೇಳಬೇಕು. ಒಳಗೆ ಹೋದ ಹಾಗೆ ಹೆಚ್ಚುವುದು ಎಂದರೆ ಅದು ಅಲೈನ್‌ಮೆಂಟ್ (ಸೂಜಿಯನ್ನು ಗ್ರೂವ್‌ಗೆ ನೇರ ಹೊಂದಿಸುವುದು) ಮತ್ತು ಸೂಜಿಯ ಆಕಾರದ ವಿಷಯ.

ಯಾಕೆ ಅಂತ ನೋಡಿ. ತಟ್ಟೆ ಸುತ್ತುವ ವೇಗ ಒಂದೇ. ಆದರೆ ಸೂಜಿಯ ಕೆಳಗೆ ಹಾಯುವ ಗ್ರೂವ್ ಉದ್ದ ಒಂದೇ ಅಲ್ಲ. ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 510 ಮಿಲಿಮೀಟರ್ ಹಾಯುತ್ತದೆ. ಒಳ ಅಂಚಿನಲ್ಲಿ ಸುಮಾರು 210. ಹಾಗಾಗಿ 10 ಕಿಲೋಹರ್ಟ್ಜ್‌ನ ಒಂದು ಅಲೆ ಹೊರಗೆ 51 ಮೈಕ್ರಾನ್ ಉದ್ದ ಇದ್ದರೆ, ಒಳಗೆ ಬರೀ 21 ಮೈಕ್ರಾನ್. "ಸ" ಅಕ್ಷರದ ಶಕ್ತಿ ಇರುವುದು ಇಂಥ ಮೇಲಿನ ಸ್ಥಾಯಿಯಲ್ಲೇ. ಗುಂಡು ಮೊನೆಯ ಸೂಜಿಯ ತ್ರಿಜ್ಯ 18 ಮೈಕ್ರಾನ್. ಅಷ್ಟು ದಪ್ಪ ಮೊನೆ ಆ ಕಿರಿದಾದ ತಿರುವಿನಲ್ಲಿ ಕೂರುವುದೇ ಇಲ್ಲ. ಎಲಿಪ್ಟಿಕಲ್ ಆದರೆ ಪಕ್ಕದ ತ್ರಿಜ್ಯ 8 ಮೈಕ್ರಾನ್ ಆಸುಪಾಸು, ಕೂರುತ್ತದೆ. ಆದರೆ ಅದು ನೇರವಾಗಿ ನಿಂತಿರಬೇಕು. ಒಂದೆರಡು ಡಿಗ್ರಿ ತಿರುಗಿದ್ದರೂ ಎಡ ಗೋಡೆ, ಬಲ ಗೋಡೆ ಬೇರೆ ಬೇರೆ ಹೊತ್ತಿಗೆ ಸಿಗುತ್ತವೆ. ಸೀಳುವುದು ಹೀಗೆ.

ಆರ್ಮ್ ಒಂದು ಕೀಲಿನ ಮೇಲೆ ತಿರುಗುವುದರಿಂದ ಸೂಜಿ ಪೂರ್ತಿ ನೇರ ನಿಲ್ಲುವುದು ಎರಡೇ ಜಾಗದಲ್ಲಿ. 1938ರಲ್ಲಿ ಲೋಫ್‌ಗ್ರೆನ್, 1941ರಲ್ಲಿ ಬೇರ್ವಾಲ್ಡ್ ಮಾಡಿದ ಲೆಕ್ಕದ ಪ್ರಕಾರ ಆ ಎರಡು ಜಾಗ ಮಧ್ಯದಿಂದ 66 ಮತ್ತು 120.9 ಮಿಲಿಮೀಟರ್ ದೂರ. ಪ್ರೊಟ್ರಾಕ್ಟರ್ (ಕೋನ ನೋಡುವ ಗೆರೆಗಳ ಹಾಳೆ) ಇಟ್ಟು ಎರಡೂ ಕಡೆ ನೋಡಿ. ಕಾರ್ಟ್ರಿಜ್ ಮೈಯನ್ನು ನೋಡಿ ಹೊಂದಿಸಬೇಡಿ, ಕ್ಯಾಂಟಿಲಿವರನ್ನೇ ನೋಡಿ. ಒಳ್ಳೆಯ ಕಾರ್ಟ್ರಿಜ್‌ನಲ್ಲೂ ಅದು ಮೈಗೆ ಸ್ವಲ್ಪ ಓರೆ ಇರಬಹುದು. ಭೂತಗನ್ನಡಿ, ಒಳ್ಳೆಯ ಬೆಳಕು ಎರಡೂ ಬೇಕು. ಅವಸರ ಮಾಡಬೇಡಿ.

ಆಮೇಲೆ ಟ್ರ್ಯಾಕಿಂಗ್ ತೂಕ. ತಯಾರಕರು ಕೊಟ್ಟ ಮಿತಿಯಲ್ಲಿ ಮೇಲಿನ ತುದಿಗೆ ಇಡಿ. ಹಗುರ ಇಟ್ಟರೆ ರೆಕಾರ್ಡ್ ಉಳಿಯುತ್ತದೆ ಅಂದುಕೊಳ್ಳುವವರು ಬಹಳ. ನಡೆಯುವುದು ಉಲ್ಟಾ. ಹಗುರ ಸೂಜಿ ಗೋಡೆಯಿಂದ ಗೋಡೆಗೆ ಬಡಿಯುತ್ತದೆ. ಆ ಪೆಟ್ಟು ಗ್ರೂವ್‌ನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಹೊಸ ಕಾರ್ಟ್ರಿಜ್‌ನಲ್ಲಂತೂ ರಬ್ಬರ್ ಬಿಗಿ ಇರುವಾಗ ತೂಕ ಕಡಿಮೆ ಇಡಲೇಬಾರದು.

ಬಲ ಚಾನಲ್ ಮೊದಲು ಸೀಳಿದರೆ ಆಂಟಿಸ್ಕೇಟ್ ಕಡಿಮೆ ಇದೆ ಎಂದು ತಿಳಿಯಿರಿ. ಎಡ ಚಾನಲ್ ಮೊದಲು ಸೀಳಿದರೆ ಜಾಸ್ತಿ ಇದೆ.

ಮೈಕ್ರೋಲೈನ್

ಪಳಗಿಸುವ ರೀತಿ ಬಗ್ಗೆ ಎರಡು ಮಾತು. ಕೆಲವರು ಲಾಕ್ ಗ್ರೂವ್‌ನಲ್ಲಿ (ರೆಕಾರ್ಡಿನ ಕೊನೆಯಲ್ಲಿ ಸುತ್ತುತ್ತಲೇ ಇರುವ ಗೀರು) ರಾತ್ರಿಯಿಡೀ ಬಿಡುತ್ತಾರೆ. ಅಲ್ಲಿ ಸಂಗೀತವೇ ಇಲ್ಲ, ಕ್ಯಾಂಟಿಲಿವರ್ ಅಲುಗುವುದೇ ಕಡಿಮೆ. ರಬ್ಬರ್ ಬಾಗದೆ ಸೂಜಿ ಮಾತ್ರ ಸವೆಯುತ್ತದೆ. ಸೂಜಿಯ ಆಯಸ್ಸು ಆಕಾರ ನೋಡಿಕೊಂಡು 300ರಿಂದ 1000 ಗಂಟೆ. ಅದನ್ನು ಹಾಗೆ ಕಳೆಯಬೇಡಿ. ಬಾಸ್ ಚೆನ್ನಾಗಿರುವ, ಏರಿಳಿತ ಇರುವ ಸಂಗೀತ ಹಾಕಿ, ಕೂತು ಕೇಳಿ.

ಬೇಗ ಪಳಗಲಿ ಎಂದು ಮಿತಿ ಮೀರಿ ತೂಕ ಹಾಕುವುದು, ಬೆರಳಿನಿಂದ ಕ್ಯಾಂಟಿಲಿವರ್ ಮುಟ್ಟಿ ಆಡಿಸುವುದು ಯಾವತ್ತೂ ಬೇಡ. ಡಬ್ಬಿ ಒಡೆಯದ ಹಳೆಯ ಕಾರ್ಟ್ರಿಜ್ ಸಿಕ್ಕರೂ ಎಚ್ಚರ. ದಶಕಗಳ ಕಾಲ ಕೂತ ರಬ್ಬರ್ ಗಟ್ಟಿಯಾಗಿರಬಹುದು, ಕುಸಿದಿರಬಹುದು. ಆ ಗಟ್ಟಿತನ ಹೊಸದರ ಬಿಗಿ ಅಲ್ಲ. ಓಡಿಸಿದರೆ ಮೆತ್ತಗಾಗುವುದಿಲ್ಲ.

ಕಪ್ಪುತಟ್ಟೆ

ಎಲ್ಲ ಸರಿ. ಆದರೂ ನನಗೆ ಒಂದು ಅನ್ನಿಸುತ್ತದೆ. ನೀವೆಲ್ಲ ಅಳತೆಗೆ ಸಿಕ್ಕಿದ್ದನ್ನು ಮಾತ್ರ ನಿಜ ಎನ್ನುತ್ತಿದ್ದೀರಿ. ಪಳಗಿದ ಮೇಲೆ ವೇದಿಕೆ ಅಗಲವಾಯಿತು, ದನಿಗೆ ಮೈ ಬಂತು ಎಂದು ಇಷ್ಟು ಜನ ಹೇಳುವುದು ಸುಳ್ಳಾ? ನಾನು ರೆಕಾರ್ಡ್ ಕೇಳುವುದು ಹರ್ಟ್ಜ್ ನೋಡಲಿಕ್ಕಲ್ಲ.

ತಂತಿಜಾಲ

ಸುಳ್ಳು ಎನ್ನುವುದಿಲ್ಲ. ಆದರೆ ಕಿವಿಯೂ ಪಳಗುತ್ತದೆ ಅಲ್ವಾ? ಸೂಜಿಮೊನೆ ಅವರು ವರ್ಷಗಟ್ಟಲೆ ಒಂದೇ ಕಾರ್ಟ್ರಿಜ್ ಕೇಳಿದ್ದಾರೆ. ಅದರ ಸೂಜಿ ಸವೆದಿದ್ದರೆ ಮೇಲಿನ ಸ್ವರಗಳು ನಿಧಾನಕ್ಕೆ ಮಂಕಾಗಿರುತ್ತವೆ. ಕಿವಿ ಅದನ್ನೇ ಸರಿ ಎಂದುಕೊಂಡಿರುತ್ತದೆ. ಅಂಥ ಕಿವಿಗೆ ಯಾವ ಹೊಸ ಸೂಜಿಯೂ ಮೊದಲ ವಾರ ಗಡುಸೇ. ಎರಡು ವಾರ ಬಿಟ್ಟು ಅದು ಹಿತವಾದಾಗ ಬದಲಾದದ್ದು ಎಷ್ಟು ರಬ್ಬರ್, ಎಷ್ಟು ಕಿವಿ? ನೆನಪನ್ನು ನಂಬಿ ಇದನ್ನು ಬಿಡಿಸಲು ಆಗುವುದಿಲ್ಲ.

ಬಿಡಿಸಲು ಸುಲಭ ದಾರಿ ಇದೆ. ಹೊಂದಿಸಿ ಮುಗಿದ ತಕ್ಷಣ ಒಂದು ಹಾಡನ್ನು ಡಿಜಿಟಲ್ ಆಗಿ ರೆಕಾರ್ಡ್ ಮಾಡಿ ಇಡಿ. ಟೆಸ್ಟ್ ರೆಕಾರ್ಡ್ ಇದ್ದರೆ ಅದರ 300 ಹರ್ಟ್ಜ್ ಟ್ರ್ಯಾಕಿಂಗ್ ಭಾಗವನ್ನೂ ಇಡಿ. ಅದರಲ್ಲಿ ಮಟ್ಟ ಏರುತ್ತಾ ಹೋಗುತ್ತದೆ, ಎಲ್ಲಿ ಸೀಳುತ್ತದೆ ಎಂದು ಗೊತ್ತಾಗುತ್ತದೆ. ಪಳಗಿದ ಮೇಲೆ ಅದೇ ತಟ್ಟೆ, ಅದೇ ತೂಕ, ಅದೇ ಗೇನ್, ಕೋಣೆಯ ಬಿಸಿಯೂ ಆದಷ್ಟು ಅಷ್ಟೇ ಇರುವ ಹಾಗೆ ಮತ್ತೆ ಮಾಡಿ. ಎರಡರ ಮಟ್ಟ ಸಮ ಮಾಡಿ, ಯಾವುದು ಯಾವುದು ಎಂದು ಗೊತ್ತಿಲ್ಲದೆ ಕೇಳಿ. ಕಪ್ಪುತಟ್ಟೆ ಅವರೇ, ಇಲ್ಲಿ ತೀರ್ಪು ಕೊಡುವುದು ಕಿವಿಯೇ, ಮೀಟರ್ ಅಲ್ಲ.

ಕಪ್ಪುತಟ್ಟೆ

ಈ ದಾರಿ ನನಗೆ ಒಪ್ಪಿಗೆ. ಸೂಜಿಮೊನೆ ಅವರು ಮಾಡಿದರೆ ಎರಡೂ ಫೈಲ್ ನನಗೂ ಹೆಸರು ಹಾಕದೆ ಕಳಿಸಲಿ.

ಸೂಜಿಮೊನೆ

ಒಂದಷ್ಟು ವಾರ ಬಿಟ್ಟು ಬರೆಯುತ್ತಿದ್ದೇನೆ. ಹೇಳುವುದು ಬಹಳ ಇದೆ.

ಮೊದಲು ಅಲೈನ್‌ಮೆಂಟ್. ಕಾರ್ಟ್ರಿಜ್ ಮೈ ಪ್ರೊಟ್ರಾಕ್ಟರ್ ಗೆರೆಗೆ ಸರಿಯಾಗೇ ಇತ್ತು. ಕ್ಯಾಂಟಿಲಿವರ್ ಮಾತ್ರ ಸ್ವಲ್ಪ ಓರೆ. ಹಳೇಆರ್ಮ್ ಹೇಳಿದ ಹಾಗೆ ಅದನ್ನೇ ನೋಡಿ ತಿರುಗಿಸಿದೆ. ಕೊನೆಯ ಹಾಡಿನ ಸೀಳು ಅವತ್ತೇ ಮುಕ್ಕಾಲು ಪಾಲು ಹೋಯಿತು. ಅದಕ್ಕೆ ಒಂದು ಗಂಟೆಯೂ ಪಳಗಬೇಕಾಗಿರಲಿಲ್ಲ. ತೂಕವನ್ನು ಮಿತಿಯ ಮೇಲಿನ ತುದಿಗೆ ತಂದೆ. ಉಳಿದದ್ದೂ ಇನ್ನಷ್ಟು ತಗ್ಗಿತು.

ಅವತ್ತೇ ರೆಕಾರ್ಡ್ ಮಾಡಿಟ್ಟೆ. 40 ಗಂಟೆ ಹತ್ತಿರ ಆದ ಮೇಲೆ ಮತ್ತೆ ಮಾಡಿದೆ. ಟ್ರ್ಯಾಕಿಂಗ್ ಭಾಗದಲ್ಲಿ ವ್ಯತ್ಯಾಸ ಸ್ಪಷ್ಟ. ಮೊದಲು ಸೀಳುತ್ತಿದ್ದ ಮಟ್ಟ ಈಗ ಸ್ವಚ್ಛವಾಗಿ ದಾಟುತ್ತದೆ. ಅದರ ಮೇಲಿನದು ಆಗಲೂ ಸೀಳುತ್ತಿತ್ತು, ಈಗಲೂ ಸೀಳುತ್ತದೆ. ಹಾಡಿನಲ್ಲಿ ಎಲ್ಲ ವಾದ್ಯಗಳೂ ಒಟ್ಟಿಗೆ ಜೋರಾಗುವ ಜಾಗ ಹೊಸ ಫೈಲ್‌ನಲ್ಲಿ ಬಿಚ್ಚಿಕೊಂಡಿದೆ. ಮೆಲ್ಲನೆಯ ಭಾಗದಲ್ಲಿ ಎರಡಕ್ಕೂ ವ್ಯತ್ಯಾಸ ಹೇಳಲು ನನ್ನಿಂದ ಆಗಲಿಲ್ಲ. ಬಾಸ್ ಕೂಡ ಎರಡರಲ್ಲೂ ಒಂದೇ. ಮೊದಲು ತೆಳು ಅನ್ನಿಸಿದ್ದು ಈಗ ಅನ್ನಿಸುವುದಿಲ್ಲ. ಅದು ಕಿವಿಯದ್ದೇ ಇರಬೇಕು.

ಆರ್ಮ್ ಎತ್ತರವನ್ನೂ ನೋಡಿದೆ. ಹಿಂಬದಿ ಸ್ವಲ್ಪ ಇಳಿಸಬೇಕಾಯಿತು.

ಕಪ್ಪುತಟ್ಟೆ

ಫೈಲ್ ಕೇಳಿದೆ. ಜೋರಾದ ಭಾಗದಲ್ಲಿ ಪ್ರತಿ ಸಲವೂ ಹೊಸದು ಯಾವುದು ಎಂದು ಗುರುತಿಸಿದೆ. ಮೆಲ್ಲನೆಯ ಭಾಗದಲ್ಲಿ ಆಗಲಿಲ್ಲ. ಪಳಗುವುದು ಇದೆ ಎಂದು ನಾನು ಹೇಳುತ್ತಾ ಬಂದದ್ದು ನಿಂತಿತು. ಅದು ಎಲ್ಲಿದೆ ಎನ್ನುವುದು ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಕಿರಿದಾದ ಜಾಗ.

ಎತ್ತರ ಎಷ್ಟು ಇಳಿಸಿದಿರಿ? 9 ಇಂಚಿನ ಆರ್ಮ್‌ನಲ್ಲಿ ಹಿಂಬದಿ 4 ಮಿಲಿಮೀಟರ್ ಸರಿದರೆ ಸೂಜಿಯ ಕೋನ 1 ಡಿಗ್ರಿ ಬದಲಾಗುತ್ತದೆ. ಅರ್ಧ ಮಿಲಿಮೀಟರ್‌ಗೆ ತಲೆ ಕೆಡಿಸಿಕೊಳ್ಳಬೇಡಿ.

ಸೂಜಿಮೊನೆ

ಒಂದು ಮಿಲಿಮೀಟರ್‌ಗಿಂತ ಕಡಿಮೆಯೇ. ಹಾಗಾದರೆ ಅದನ್ನು ಇನ್ನು ಮುಟ್ಟುವುದಿಲ್ಲ.

ಮುಂದೆ ಹೆಡ್‌ಶೆಲ್ ಬದಲಿಸಿ ನೋಡುವ ಆಸೆ ಇದೆ. ಈಗಿನದಕ್ಕಿಂತ 4 ಗ್ರಾಂ ಭಾರದ್ದು ಒಂದಿದೆ. ಜೋಡಿ ಕೆಡುತ್ತದಾ?

ತಂತಿಜಾಲ

ಕೆಡುವುದಿಲ್ಲ. ಸೂಜಿ ತುದಿಯಲ್ಲಿ ಸೇರಿಸಿದ ತೂಕ ಹೆಚ್ಚುಕಡಿಮೆ ಪೂರ್ತಿಯಾಗಿ ಎಫೆಕ್ಟಿವ್ ಮಾಸ್‌ಗೆ ಸೇರುತ್ತದೆ. 25 ಗುಣಿಸು 12 ಎಂದರೆ 300. ಉತ್ತರ 9.2 ಹರ್ಟ್ಜ್, ಮಿತಿಯೊಳಗೇ ಇದೆ. ಕೌಂಟರ್‌ವೇಟ್ (ಆರ್ಮ್ ಹಿಂಬದಿಯ ಸಮತೂಕದ ಗುಂಡು) ಹಿಂದಕ್ಕೆ ಹೋಗುತ್ತದೆ. ತೂಕ, ಓವರ್‌ಹ್ಯಾಂಗ್ (ಸೂಜಿ ತಟ್ಟೆಯ ಮಧ್ಯವನ್ನು ದಾಟಿ ಚಾಚುವ ದೂರ), ಆಂಟಿಸ್ಕೇಟ್ ಮೂರನ್ನೂ ಹೊಸದಾಗಿ ಹೊಂದಿಸಿ. ಹೊಂದಿಸಿದ ಮೇಲೆ ಅದೇ ಹಾಡನ್ನು ರೆಕಾರ್ಡ್ ಮಾಡಿ. ಆರ್ಮ್ ಧ್ವನಿ ಎಷ್ಟು ಎಂದು ಆಗ ನೋಡೋಣ.

ಕಪ್ಪುತಟ್ಟೆ

ಅದನ್ನೂ ಹೆಸರು ಹಾಕದೆ ಕಳಿಸಿ.